ಒಂದೇ ಜೀಪಿನಲ್ಲಿ ಮರಳಿಗೆ ಹೋದವರು

ವಸಂತದ ಶಾಲಾ ರಜೆ ಬಂತೆಂದರೆ ಮರಳುಗಾಡಿನ ಅಂಚಿನ ನಮ್ಮ ಜಾನೆತ್ ಊರಿನ ಜೀಪುಗಳಿಗೆ ಬಿಡುವಿಲ್ಲ. ಉತ್ತರದ ನಗರಗಳಿಂದ ಜನ ಮರಳುಗಾಡು ನೋಡಲು ಬರುತ್ತಾರೆ. ಹೊರಡುವವರು ನಗುತ್ತ ಹೊರಡುತ್ತಾರೆ. ಮನೆಯಲ್ಲಿ ಉಳಿದವರಿಗೆ ಅವರು ಮರಳುವವರೆಗೆ ಅನ್ನ ಸೇರುವುದಿಲ್ಲ. ತೆಹಿತ್ ಅಂಥವಳು. ಅವಳ ಗಂಡ ಅಖಾಮುಕ್ ಜೀಪು ಓಡಿಸುತ್ತಾನೆ. ಬುಕ್ಕಿಂಗ್ ನೋಡಿಕೊಳ್ಳುವುದು ಅವಳೇ.

ಆ ವರ್ಷ ಕಾನ್ಸ್ಟಂಟೀನ್ ನಗರದಿಂದ ನಸೀಮಾ ಎಂಬಾಕೆ ಫೋನ್ ಮಾಡಿದಳು. ಫೌಜಿ ಎಂಬ ಹೆಸರಿನ ತನ್ನ ಗಂಡ ಮತ್ತು ಪುಟ್ಟ ಮಗಳು ರೀಮಾ ಜೊತೆ ತಾದ್ರಾರ್ತ್‌ನ ಕೆಂಪು ಬಂಡೆಗಳ ಕಡೆ ನಾಲ್ಕು ದಿನ ಹೋಗಿಬರಬೇಕೆಂದಿದ್ದಳು.

"ಅಕ್ಕಾ, ನಡುವೆ ಗಾಡಿ ಕೆಟ್ಟರೆ ಏನ್ ಗತಿ?" ಎಂದು ಕೇಳಿದಳು.

"ಅದಕ್ಕೇ ಎರಡು ಗಾಡಿ ಕಳಿಸ್ತೀವಿ ತಂಗಿ. ಇನ್ನೊಂದನ್ನ ಬೀಗಾ ಅನ್ನೋ ಡ್ರೈವರ್ ಓಡಿಸ್ತಾನೆ. ಉಪಗ್ರಹ ಫೋನೂ ಅವನ ಹತ್ರನೇ ಇರುತ್ತೆ."

ಅವರು ಬಂದಿಳಿದ ದಿನ ಬೀಗಾನಿಗೆ ಜ್ವರ. ಅವನ ಗಾಡಿ, ಅವನ ಫೋನು ಪಕ್ಕದೂರಿನ ಅವನ ಮನೆಯಲ್ಲೇ ಉಳಿದವು.

"ಒಂದೆರಡು ದಿನ ತಡೀರಿ, ಅವನು ಏಳಲಿ," ಅಂದಳು ತೆಹಿತ್.

ಫೌಜಿಗೆ ರೇಗಿತು. "ರಜೆ ನಮಗೋಸ್ಕರ ಕಾಯುತ್ತಾ? ಏನ್ ಯಜಮಾನ್ರೇ, ನೀವು ಹುಟ್ಟಿದ್ದೇ ಇಲ್ಲಿ ಅಲ್ವಾ? ಹೆಂಡತಿ ಅಪ್ಪಣೆ ಕೊಡದಿದ್ರೆ ನಿಮ್ಮ ಜೀಪು ಸ್ಟಾರ್ಟ್ ಆಗಲ್ವಾ?"

ಅಖಾಮುಕ್‌ನ ಮುಖ ಕೆಂಪಾಯಿತು. "ನಾಳೆ ಬೆಳಿಗ್ಗೆ ಹೊರಡೋಣ," ಅಂದುಬಿಟ್ಟ.

ತೆಹಿತ್ ನೀರಿನ ಡ್ರಮ್ಮುಗಳನ್ನು ತುಂಬಿಸಿದಳು. ರೊಟ್ಟಿಯ ಹಿಟ್ಟು, ಖರ್ಜೂರ, ಕಂಬಳಿ ಇಟ್ಟಳು. ಬಾಗಿಲಲ್ಲಿ ಗಂಡನನ್ನು ತಡೆದು ಹೇಳಿದಳು: "ತಾದ್ರಾರ್ತ್ ದಾರಿಯ ಪೊಲೀಸ್ ಚೌಕಿ ದಾಟಿದ ಕೂಡಲೇ ಅಲ್ಲಿನವರಿಂದ ಸುದ್ದಿ ಕಳಿಸು. ಬೇರೆ ಕಡೆ ತಿರುಗಬೇಡ. ಮರಳಲ್ಲಿ ಕೆಟ್ಟು ನಿಂತ ನನ್ನಪ್ಪನ ಗಾಡಿ ಸಿಕ್ಕಾಗ ಒಳಗೆ ನೀರು ಇತ್ತು. ಅಪ್ಪ ಇರಲಿಲ್ಲ. ಗಾಡಿ ಬಿಟ್ಟು ನಡೆದಿದ್ದ."

"ಹೊರಡೋ ಹೊತ್ತಲ್ಲಿ ಆ ಮಾತ್ಯಾಕೆ?" ಎಂದು ಅವನು ಹತ್ತಿ ಕೂತ.

ಊರು ದಾಟಿದ ಮೇಲೆ ಫೌಜಿ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. "ಇದು ಅದ್ಮೆರ್ ಮರಳು ದಿಬ್ಬ ಅಲ್ವಾ? ಮೊದಲು ಇಲ್ಲಿಗೆ ಹೋಗೋಣ. ಕೆಂಪು ಬಂಡೆ ಎಲ್ಲಿ ಓಡಿಹೋಗುತ್ತೆ?"

"ಮನೇಲಿ ಹೇಳಿದ್ದು ಒಂದು, ಹೋಗೋದು ಇನ್ನೊಂದು ಬೇಡಪ್ಪಾ," ಅಂದಳು ನಸೀಮಾ. ಅಖಾಮುಕ್ ಅದ್ಮೆರ್ ಕಡೆಗೆ ಸ್ಟೇರಿಂಗ್ ತಿರುಗಿಸಿದ.

ಮರುದಿನ ಮಧ್ಯಾಹ್ನ ದಿಬ್ಬದ ನೆತ್ತಿಯಿಂದ ಇಳಿಯುವಾಗ ಜೀಪು ಮೂತಿ ಅಡಿಯಾಗಿ ಮರಳಿಗೆ ಬಿತ್ತು. ಮುಂದಿನ ಆಕ್ಸಲ್ ಮುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಒಂದು ಡ್ರಮ್ಮು ಒಡೆದು ನೀರು ನೋಡುನೋಡುತ್ತಲೇ ಮರಳಿಗೆ ಇಂಗಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಸಂಜೆಗೆ ಗಾಳಿ ಎದ್ದು, ಅವರು ಬಂದ ಚಕ್ರದ ಗುರುತನ್ನೆಲ್ಲ ಅಳಿಸಿಹಾಕಿತು.

"ಎದುರಿನ ಆ ದಿಬ್ಬ ಹತ್ತಿದರೆ ಸಿಗ್ನಲ್ ಸಿಗಬಹುದು," ಅಂದ ಫೌಜಿ.

"ಗಾಡಿ ದೂರದಿಂದ ಕಾಣುತ್ತೆ, ಮನುಷ್ಯ ಕಾಣಲ್ಲ," ಅಂದ ಅಖಾಮುಕ್. "ಇದರ ನೆರಳು ಬಿಟ್ಟು ಯಾರೂ ಅಲ್ಲಾಡಬಾರದು."

ಬೆಳಗಾದಾಗ ಫೌಜಿ ಇರಲಿಲ್ಲ. ಅವನ ಜೊತೆ ನೀರಿನ ಬಾಟಲಿಯೊಂದು ಹೋಗಿತ್ತು.

ನಸೀಮಾ ಗಾಳಿಗೆ ಎದುರಾಗಿ ಅವನ ಹೆಸರು ಕೂಗಿದಳು. ದನಿ ಅವಳ ಬಾಯಿಂದ ಆಚೆ ಹೋದಂತೆ ಅನಿಸಲಿಲ್ಲ. "ಹುಡುಕಿ ಬನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನೂ ಹೋದ್ರೆ ನೀವಿಬ್ಬರೇ ಉಳೀತೀರಿ ತಾಯಿ," ಅಂದ ಅಖಾಮುಕ್. ತನ್ನ ಮಾವನ ಖಾಲಿ ಗಾಡಿಯನ್ನು ಅವನೂ ನೋಡಿದ್ದ.

ರೀಮಾ ಅಳಲಿಲ್ಲ. ಅದಕ್ಕೇ ಅವರಿಗೆ ಹೆಚ್ಚು ಹೆದರಿಕೆಯಾಯಿತು. ಒಡೆದ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಮಗು ಜೀಪಿನ ಕೆಳಗೆ ಮಲಗಿತ್ತು.

ಅತ್ತ ತೆಹಿತ್‌ಗೆ ಚೌಕಿಯಿಂದ ಸುದ್ದಿ ಬಂದಿರಲಿಲ್ಲ. ಒಂದು ದಿನ ಕಾಯೋಣ ಎಂದು ನೆರೆಯವರು ಹೇಳಿದರೂ ಅವಳು ಕೂರಲಿಲ್ಲ. ಪೊಲೀಸರ ಬಳಿ ಹೋದಳು. ಅವರು ತಾದ್ರಾರ್ತ್ ಕಡೆ ಹುಡುಕಿ ಬರಿಗೈಯಲ್ಲಿ ಬಂದರು. ಆ ಚೌಕಿಯನ್ನು ಜೀಪು ದಾಟಿಯೇ ಇರಲಿಲ್ಲ.

"ಹಾಗಾದ್ರೆ ಅದ್ಮೆರ್," ಅಂದಳು. "ಬಂದವರೆಲ್ಲ ಅದರ ಫೋಟೋನೇ ತೋರಿಸೋದು. ನಡೀರಿ, ನಾನೂ ಬರ್ತೀನಿ."

ಇತ್ತ ಮರಳಿನಲ್ಲಿ, ಗಾಳಿ ಇಳಿದ ಕೂಡಲೇ ಅಖಾಮುಕ್ ಸ್ಟೆಪ್ನಿ ಟೈರನ್ನು ದೂರಕ್ಕೆ ಉರುಳಿಸಿ ಡೀಸೆಲ್ ಸುರಿದು ಹಚ್ಚಿದ. ಕಪ್ಪು ಹೊಗೆ ನೆಟ್ಟಗೆ ಮೇಲೆದ್ದಿತು. ನೀರು ಡ್ರಮ್ಮಿನ ತಳ ಸೇರಿತ್ತು. ಕೊನೆಗೆ ಪೊಲೀಸರ ಗಾಡಿಗಳು ದಿಬ್ಬ ಬಳಸಿ ಬಂದವು. ಒಂದರ ಹಿಂದಿನ ಸೀಟಿನಲ್ಲಿ ತೆಹಿತ್‌ಳ ತೊಡೆಯ ಮೇಲೆ ತಲೆಯಿಟ್ಟು ಫೌಜಿ ಮಲಗಿದ್ದ. ಹೊಗೆ ಕಂಡು ತೆವಳುತ್ತಿದ್ದವನು ಅವರಿಗೆ ದಾರಿಯಲ್ಲಿ ಸಿಕ್ಕಿದ್ದ. ಕಣ್ಣು ಊದಿತ್ತು, ಮಾತು ಹೊರಡುತ್ತಿರಲಿಲ್ಲ. ರೀಮಾ ಅವನನ್ನು ನೋಡಿ ತಾಯಿಯ ಹಿಂದೆ ಅಡಗಿಕೊಂಡಳು. ಅವಳಿಗೆ ಅಪ್ಪನ ಗುರುತು ಸಿಕ್ಕಿರಲಿಲ್ಲ.

ಫೌಜಿ ಬಹಳ ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡ. "ನಾನು ಸುತ್ತಿ ಸುತ್ತಿ ನನ್ನ ಹೆಜ್ಜೆಗೇ ಬಂದು ನಿಂತೆ ಅಕ್ಕಾ," ಎಂದು ತೆಹಿತ್‌ಗೆ ಹೇಳಿದ. "ಗಾಡಿ ಬಿಟ್ಟದ್ದೇ ತಪ್ಪು ಅಂತ ಆಗ ಗೊತ್ತಾಯ್ತು." ಈಗ ಪರಿಚಯದವರು ಯಾರೇ ಪ್ರವಾಸ ಅಂದರೂ, ಎರಡನೇ ಗಾಡಿ ಇದೆಯಾ ಎಂದು ಮೊದಲು ಕೇಳುವವನು ಅವನೇ. ಅಖಾಮುಕ್ ಒಂಟಿ ಜೀಪು ಹೊರಡಿಸುವುದಿಲ್ಲ. ಯಾರು ಹಂಗಿಸಿದರೂ ನಕ್ಕು ಚಹಾ ಕೊಡುತ್ತಾನೆ. ರೀಮಾ ಮಾತ್ರ ಈಗಲೂ ಗಾಳಿಗೆ ಕಿಟಕಿ ಅದುರಿದರೆ, ಅಪ್ಪ ಎಲ್ಲಿ ಎಂದು ಕೇಳುತ್ತಾಳಂತೆ.

ಮರಳುಗಾಡಿಗೆ ಹೊರಟಿರುವವರೇ, ಬುಕ್ ಮಾಡುವಾಗ ಸಂಕೋಚ ಬಿಟ್ಟು ಕೇಳಿ. ಜೊತೆಗೆ ಇನ್ನೊಂದು ಗಾಡಿ ಬರುತ್ತದೆಯೇ, ಉಪಗ್ರಹ ಫೋನು ಯಾರ ಬಳಿ ಇರುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ನೀರು ಬೇರೆ ಬೇರೆ ಡ್ರಮ್ಮುಗಳಲ್ಲಿದೆಯೇ ಎಂದು ತಿಳಿದುಕೊಳ್ಳಿ. ಇಲ್ಲ ಎಂದರೆ ಪ್ರವಾಸ ಮುಂದೂಡಿ. ಚಾಲಕರನ್ನು ಹಂಗಿಸಿ ದಾರಿ ತಪ್ಪಿಸಬೇಡಿ. ಗಾಡಿ ಕೆಟ್ಟರೆ ಅದನ್ನು ಬಿಟ್ಟು ಕದಲಬೇಡಿ. ಹೋಗುವ ದಾರಿಯನ್ನು ಮನೆಯಲ್ಲಿ ಹೇಳಿ, ಹೇಳಿದ ದಾರಿಯಲ್ಲೇ ಹೋಗಿ. ನಿಮ್ಮ ಸುದ್ದಿ ಬರದಿದ್ದರೆ ಅಂದೇ ಎದ್ದು ಹೊರಡುವ ಒಬ್ಬರು ಊರಿನಲ್ಲಿರಲಿ.