ಸೈಕಲ್ಲಿಗೆ ಪೂಜೆಯ ಜೊತೆ ಎಣ್ಣೆಯೂ ಬೇಕು

ರೊಟ್ಟಿ ಹಂಚಿನ ಮೇಲಿತ್ತು. ನೀರು ಸವರಿ ಇನ್ನೇನು ತಿರುವಿ ಹಾಕಬೇಕು, ಅಷ್ಟರಲ್ಲಿ ಅಂಗಳದಿಂದ ಮಗಳು ಮೃದುಲಾ ಕೂಗಿದಳು.

“ಅವ್ವಾ, ಹಿಂದಿನ ಗಾಲಿ ತಿರುಗವಲ್ದು!”

ಹಿಟ್ಟಿನ ಕೈಯಲ್ಲೇ ಓಡಿದೆ. ದಸರೆ ಆಗಷ್ಟೇ ಮುಗಿದಿತ್ತು. ಹಬ್ಬದ ಅರಿಶಿನ, ಕುಂಕುಮ ಸೈಕಲ್ಲಿನ ಮೈಮೇಲೆ ಹಾಗೇ ಇತ್ತು. ಗಾಲಿ ಮಾತ್ರ ಹಟ ಹಿಡಿದ ಎತ್ತಿನಂತೆ ನಿಂತಿತ್ತು.

ನಮ್ಮ ಯಜಮಾನರು ರುದ್ರಪ್ಪ ಅರ್ಧ ಮುಖಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡೇ ಹೊರಗೆ ಬಂದರು. ನಾಗಪುರದಲ್ಲಿ ಸೇನೆಗೆ ಮದ್ದುಗುಂಡು ಮಾಡುವ ಆರ್ಡ್‌ನನ್ಸ್ ಕಾರ್ಖಾನೆಯಲ್ಲಿ ಅವರದು ಕಚೇರಿ ಕೆಲಸ. ಮನೆಯಲ್ಲಿ ಮಾತ್ರ ಅವರೇ ಇಂಜಿನಿಯರು.

“ಮತ್ತ ಕೆಡ್ತು? ಸಾಕಿನ್ನ. ಇದನ್ನ ಮಾರಿಬಿಡತೇನಿ. ಇವತ್ತಿನಿಂದನ ಸಾಲಿ ರಿಕ್ಷಾ.”

ಮೃದುಲಾಳ ಮುಖ ಸಣ್ಣದಾಯಿತು. ನಮ್ಮ ಓಣಿಗೆ ಬರುವ ರಿಕ್ಷಾದಲ್ಲಿ ಕೂರುವವರೆಲ್ಲ ಕೆ.ಜಿ. ಮಕ್ಕಳು. ಎಂಟನೇ ತರಗತಿಯ ಹುಡುಗಿ ಅವರ ನೀರಿನ ಬಾಟಲಿಗಳ ನಡುವೆ ಮೊಣಕಾಲು ಮಡಚಿಕೊಂಡು ಕೂರಬೇಕು.

“ಅಪ್ಪಾ, ನಾನ…”

“ನೀ ಸುಮ್ನಿರು. ಪಾನಾ ತಾ. ಬ್ಯಾಡ, ನಾನ ತರತೇನಿ. ಹುಡುಗೂರ ಕೈಗೆ ಪಾನಾ ಕೊಡಬಾರದು.”

ನಟ್ಟು ತಿರುಗಿಸುವ ಆ ಪಾನಾ ನಮ್ಮ ಮನೆಯಲ್ಲಿ ಬೀಗದ ಕಪಾಟಿನೊಳಗೆ, ಬೆಳ್ಳಿ ಲೋಟದ ಪಕ್ಕದಲ್ಲಿರುತ್ತದೆ.

“ದೃಷ್ಟಿ ಆಗೇತಿ,” ಎಂದರು ಅತ್ತೆ ಕಾಶಿಬಾಯಿ. “ಎಷ್ಟ ಚೆಂದ ಪೂಜಿ ಮಾಡಿದ್ದೆ! ಗಾಲಿಗೂ ಮಾಲಿ ಹಾಕಿದ್ದೆ. ಒಂದ ನಿಂಬಿಹಣ್ಣ ಇಳಿಸೂಣು.”

“ಅಜ್ಜಿ, ಆ ಮಾಲಿ…”

“ದೊಡ್ಡವ್ರು ಮಾತಾಡೂಮುಂದ ನಡುವ ಬಾಯಿ ಹಾಕಬ್ಯಾಡ.”

ಯಜಮಾನರು ಪಾನಾ ಜೊತೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ತಂದು ಗಾಲಿಯ ಅಂಚಿಗೆ ಸುರಿಯತೊಡಗಿದರು. ಪಕ್ಕದ ಮನೆಯ ವಿಜಯಾ ತನ್ನ ಸೈಕಲ್ ಹೊರಗೆ ತೆಗೆಯುತ್ತಿದ್ದವಳು ಅಲ್ಲಿಂದಲೇ ಕೂಗಿದಳು. ಅವಳು ಧಾರವಾಡದ ಕಡೆಯವಳು, ಇಲ್ಲಿ ಶಿಕ್ಷಕಿ. ತನ್ನ ಸೈಕಲ್ಲನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಾಳೆ.

“ಅಣ್ಣಾರ, ಅಲ್ಲಿ ಎಣ್ಣಿ ಹಾಕಬ್ಯಾಡ್ರಿ! ಬ್ರೇಕ್ ಹಿಡಿಯೂ ಜಾಗಾ ಅದು. ಹುಡುಗಿ ಇಲ್ಲಿ ಬ್ರೇಕ್ ಒತ್ತಿದ್ರ ನಿಲ್ಲೂದು ಊರ ಹೊರಗಿನ ಬುಟಿಬೋರಿಯಾಗ!”

ಯಜಮಾನರ ಕೆನ್ನೆಯ ನೊರೆ ಒಣಗತೊಡಗಿತ್ತು. “ಹಂಗಾರ ನೀವ ಮಾಡ್ರಿ ಬಾಯಾರ. ರಿಪೇರಿ ಅಂದ್ರ ದುಕಾನದವ್ರ ಕೆಲಸ.”

“ನಾ ಯಾಕ? ಮೃದು ಮಾಡತಾಳ. ಬಾರವ್ವಾ, ಗೋಣಿಚೀಲ ಹಾಸಿ ಸೈಕಲ್ ಬೋರಲ ಹಾಕು. ಮೊದಲ ಕಣ್ಣು, ಆಮ್ಯಾಲ ಕೈ. ಗಾಲಿ ಎಲ್ಲೆ ಹಿಡದೈತಿ, ಬರೋಬರ್ ನೋಡು.”

ಮೃದುಲಾ ಬಗ್ಗಿ ನೋಡಿದಳು. ಗಾಲಿಯ ನಡುವಿನ ಅಚ್ಚಿಗೆ ಏನೋ ಬಿಗಿಯಾಗಿ ಸುತ್ತಿಕೊಂಡಿತ್ತು. ಕತ್ತರಿಯಿಂದ ತುದಿ ಬಿಡಿಸಿ ಎಳೆದಳು. ಎಳೆದಷ್ಟೂ ದಾರ ಬಂತು. ಕೊನೆಗೆ ಒಂದು ಬಾಡಿದ ಚೆಂಡುಹೂವು ಬಂತು.

ನಾವೆಲ್ಲ ಅತ್ತೆಯ ಕಡೆ ನೋಡಿದೆವು. ಅತ್ತೆ ಆಕಾಶದ ಕಡೆ ನೋಡಿದರು.

“ಪೂಜಿ ಬಿಡಬ್ಯಾಡ್ರಿ ಕಾಕೂ,” ಎಂದಳು ವಿಜಯಾ. “ಮಾಲಿ ಹ್ಯಾಂಡಲಿಗಿರಲಿ. ಗಾಲಿಗೆ, ಚೈನಿಗೆ ಬ್ಯಾಡ. ” ನನ್ನ ಕಡೆ ತಿರುಗಿದಳು. “ವೈನಿ, ನಿಮ್ಮ ಹೊಲಿಗಿ ಮಷೀನಿನ ಎಣ್ಣಿ ತರ್ರಿ.”

ಮೃದುಲಾ ಹಳೆ ಬಟ್ಟೆಯಿಂದ ಚೈನು ಒರೆಸಿದಳು. ಕೊಂಡಿಗೊಂದು ಹನಿ ಎಣ್ಣೆ ಬಿಟ್ಟಳು. ಧೂಳು ಮೆತ್ತದಂತೆ ಹೆಚ್ಚಾದದ್ದನ್ನು ಒರೆಸಿ ತೆಗೆದಳು. ನನಗೆ ನಗು ಬಂತು. ಮಷೀನಿನ ಪಕ್ಕದಲ್ಲೇ ನಿಲ್ಲುವ ಸೈಕಲ್ಲಿಗೆ ಆ ಎಣ್ಣೆಯ ವಾಸನೆಯನ್ನೂ ನಾನು ತೋರಿಸಿರಲಿಲ್ಲ!

ಅಂಚಿನ ಕೊಬ್ಬರಿ ಎಣ್ಣೆ ತೊಳೆಯುವ ಕೆಲಸ ಯಜಮಾನರಿಗೆ ಬಂತು. ದಾಡಿಯ ಸಾಬೂನು ಅಲ್ಲಿ ಉಪಯೋಗವಾಯಿತು.

ಅಷ್ಟರಲ್ಲಿ ಗಂಟೆ ಬಾರಿಸುತ್ತ ರಿಕ್ಷಾ ಬಂದೇ ಬಂತು. ಬೋರಲು ಬಿದ್ದ ಸೈಕಲ್ ಕಂಡು “ದೀದಿ, ಜಲ್ದಿ ಆಓ!” ಎಂದು ಕೆ.ಜಿ. ಮಕ್ಕಳು ಅವಳನ್ನು ಕಿರುಚಿ ಕರೆದರು. ಮೃದುಲಾ ಅಪ್ಪನ ಮುಖ ನೋಡಿದಳು. ಅವರು ಪಾನಾ ಅವಳ ಕೈಗಿಟ್ಟರು. ಅವಳು ಗಾಲಿಯ ಸಡಿಲಾದ ನಟ್ಟು ಬಿಗಿ ಮಾಡಿ ಪೆಡಲ್ ತಿರುಗಿಸಿದಳು. ಗಾಲಿ ಸರ್ರನೆ ಸುತ್ತಿತು. ಬ್ರೇಕ್ ಒತ್ತಿದಳು. ನಿಂತಿತು.

“ತುಮ್ ಜಾಓ ಭೈಯ್ಯಾ,” ಎಂದು ಯಜಮಾನರು ರಿಕ್ಷಾದವನನ್ನು ಕಳಿಸಿದರು.

ಒಳಗೆ ರೊಟ್ಟಿ ಕರಕಲಾಗಿತ್ತು. ಆಗಲಿ ಬಿಡಿ.

ಓದುವ ಅಕ್ಕತಂಗಿಯರೇ, ಈ ಭಾನುವಾರ ನಿಮ್ಮ ಮನೆಯ ಸೈಕಲ್ಲನ್ನೂ ಬೋರಲು ಹಾಕಿ. ಚೈನು ಒರೆಸಿ ಎಣ್ಣೆ ಬಿಡಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡಿ, ಬ್ರೇಕ್ ನೋಡಿ. ಮಕ್ಕಳನ್ನು ದೂರ ನಿಲ್ಲಿಸಬೇಡಿ, ಅವರ ಕೈಯಿಂದಲೇ ಮಾಡಿಸಿ. ಮೃದುಲಾ ಬೆಳಗಿನಿಂದ ನುಂಗಿಕೊಂಡಿದ್ದ ಮಾತನ್ನು ಸೈಕಲ್ ಏರುವ ಮೊದಲು ಕೇಳಿಯೇಬಿಟ್ಟಳು. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೇಳಿದರೆ ಹೂಂ ಅನ್ನಿ:

“ಅಪ್ಪಾ, ಈ ಪಾನಾ ಇನ್ನ ಮ್ಯಾಲೆ ನನ್ನ ಪಾಟಿಚೀಲದಾಗ ಇರಲೇನು?”