ಸೆಗಣಿ ಅಂಗಳದ ಹೊಟ್ಟು

"ನಮ್ಮನೆ ಹೊಟ್ಟು ಹಾಕ್ಬೇಡಿ ಮೇಡಂ, ಮಾನ ಹೋಗ್ತದೆ," ಅಂದಳು ಕಮಲ.

"ಯಾರ ಮಾನ?"

"ನಿಮ್ದೇ. ನಂದು ಹೋದ್ರೆ ನಮ್ಮೂರು ಕೊಡ್ಲಿಪೇಟೆ ದಾಟಲ್ಲ ಬಿಡಿ."

ಹಂಸಿನಿಗೆ ನಗು ಬಂತು. ಮಡಿಕೇರಿಯ ಈ ಸಂಶೋಧನಾ ಕೇಂದ್ರದಲ್ಲಿ ಅವಳ ಪ್ರಯೋಗಗಳಿಗೆಲ್ಲ ಕೈಜೋಡಿಸಿದವಳು ಕಮಲ. ಹಂಸಿನಿಯೆದುರು ಎರಡು ಚೀಲಗಳಿದ್ದವು. ಎಡಗಡೆಯದು ಬಿಟ್ಟಂಗಾಲದ ಅವಳ ತವರುಮನೆಯದು, ಬಲಗಡೆಯದು ಕಮಲಳ ಮನೆಯದು. ಎರಡರಲ್ಲೂ ಇದ್ದದ್ದು ಒಣ ಕಾಫಿ ಹಣ್ಣನ್ನು ಮಿಲ್ಲಿಗೆ ಹಾಕಿದಾಗ ಉಳಿಯುವ ಹೊಟ್ಟು.

ಆ ಹೊಟ್ಟಿನಲ್ಲೇ ಹಂಸಿನಿಯ ಆಯುಷ್ಯದ ಅರ್ಧ ಕಳೆದಿತ್ತು. ಪುಣೆಯ ಕೆಲಸ ಬಿಟ್ಟು ಬಂದಾಗ, ಮದುವೆಮನೆಗಳಲ್ಲಿ ಚಿಕ್ಕಮ್ಮಂದಿರು, "ಡಾಕ್ಟರೇಟ್ ಮಾಡಿ ಸಿಪ್ಪೆ ಬೇಯಿಸ್ತಾಳಂತೆ," ಎಂದು ಎಲೆಯ ಮುಂದೆ ಕೂತು ನಕ್ಕಿದ್ದರು. ಬೇಯಿಸಿದಳು. ಬಿಸಿಯಲ್ಲಿ, ಒತ್ತಡದಲ್ಲಿ ಹೊಟ್ಟನ್ನು ಒಡೆದು ದ್ರಾವಕಗಳಿಗೆ, ಅಂಟುಗಳಿಗೆ ಬೇಕಾದ ಎಣ್ಣೆ ತೆಗೆಯುವ ಬಿಳಿ ವೇಗವರ್ಧಕ ಪುಡಿಯೊಂದನ್ನು ಕೊನೆಗೂ ಮಾಡಿದಳು. ಎಣ್ಣೆ ಬಂದರೆ ಕೋಣೆಯೆಲ್ಲ ಬಾದಾಮಿಯ ಪರಿಮಳ.

ತಪ್ಪು ಆದದ್ದು ಒಂದೇ ಕಡೆ. ಇಷ್ಟು ವರ್ಷವೂ ಹೊಟ್ಟು ಬರುತ್ತಿದ್ದುದು ತವರಿನಿಂದ, ಕಾಳುಮೆಣಸಿನ ಜೊತೆ ಅದೇ ಜೀಪಿನಲ್ಲಿ. ತವರಿನಲ್ಲಿ ಹಣ್ಣು ಒಣಗಿಸುವುದು ಸಿಮೆಂಟ್ ಅಂಗಳದಲ್ಲಿ. ಅಂಗಳ ಅಂದರೆ ಅಂಗಳ ಎಂದುಕೊಂಡಿದ್ದಳು. ಸಣ್ಣ ಬೆಳೆಗಾರರು ಮಣ್ಣಿನ ಕಣಕ್ಕೆ ಸೆಗಣಿ ಸಾರಿಸಿ ಹಣ್ಣು ಹರಡುತ್ತಾರೆ. ಸೆಗಣಿ ಮಣ್ಣಿನ ಉಪ್ಪುಗಳು ಹೊಟ್ಟಿಗಂಟಿ ಬಂದು ಪುಡಿಗೆ ಬಲ ಕೊಡುವ ಆಮ್ಲಗುಣವನ್ನೇ ತಿಂದುಹಾಕುತ್ತವೆ. ಕಮಲಳ ಚೀಲ ಬಂದ ಮೇಲೆಯೇ ಅದು ಬಯಲಾದದ್ದು. ನೀರಲ್ಲಿ ತೊಳೆದರೂ ಪೂರಾ ಹೋಗಲಿಲ್ಲ.

ಇವತ್ತು ಕುಶಾಲನಗರದಲ್ಲಿ ಕಾರ್ಖಾನೆ ಹಾಕಲಿರುವ ಕಂಪನಿಯವರು ಪ್ರಯೋಗ ನೋಡಲು ಬರುತ್ತಿದ್ದರು. ಅವರು ಕೈಬಿಟ್ಟರೆ ಈ ಲ್ಯಾಬಿಗೆ ಬೀಗ. "ಬಿಟ್ಟಂಗಾಲದ್ದನ್ನೇ ಹಾಕಿ. ಉಳಿದದ್ದು ಆಮೇಲೆ ನೋಡುವ," ಎಂದಿದ್ದರು ನಿರ್ದೇಶಕ ಜಯಪ್ರಕಾಶ್.

ಆಸೆಯಾಗಲಿಲ್ಲ ಎಂದರೆ ಸುಳ್ಳು. ಇಷ್ಟು ವರ್ಷ ಕಾದ ಮಾತು, 'ಹಂಸಿನಿ ಗೆದ್ದಳು' ಎಂಬುದು, ಎಡಗಡೆಯ ಚೀಲದಲ್ಲಿತ್ತು. ಆದರೆ ಕಾರ್ಖಾನೆಯ ಗೇಟಿನಲ್ಲಿ ಕಮಲಳಂಥವರ ಚೀಲಗಳನ್ನು ಮೂಗು ಮುರಿದು ವಾಪಸು ಕಳಿಸುವುದೂ ಕಣ್ಣಿಗೆ ಕಟ್ಟಿತು. ಬಲಗಡೆಯ ಚೀಲದ ಬಾಯಿ ಬಿಚ್ಚಿದಳು.

"ಮೇಡಂ!"

"ಸುಮ್ನಿರು. ರಿಯಾಕ್ಟರಿನ ಮುಚ್ಚಳ ಬಿಗಿ ಮಾಡು."

ಪ್ರಯೋಗ ಮುಗಿಯುವಷ್ಟರಲ್ಲಿ ಕಂಪನಿಯ ಪ್ರಜ್ಞೇಶ್ ಎರಡು ಸಲ ಕಾಫಿ ಕುಡಿದ. ಹಂಸಿನಿ ಕವಾಟ ತಿರುಗಿಸಿದಾಗ ಮುಂದೆ ಬಾಗಿ ಮೂಸಿದ.

"ಬಾದಾಮಿ ವಾಸನೆ ಅಂದಿದ್ರಲ್ಲ ಮೇಡಂ? ಇದು ಸುಟ್ಟ ಬೆಲ್ಲದ ಹಾಗಿದೆ."

ಜಯಪ್ರಕಾಶರ ಮುಖ ಕೆಂಪಾಯಿತು.

"ಇವತ್ತು ಬಾದಾಮಿ ಬರಲ್ಲ," ಎಂದಳು ಹಂಸಿನಿ. "ಸಿಮೆಂಟ್ ಅಂಗಳದ ಹೊಟ್ಟಿಗೆ ಬರ್ತದೆ. ಇದು ಸೆಗಣಿ ಸಾರಿಸಿದ ಅಂಗಳದ್ದು. ನನ್ನ ಪುಡಿ ಇಲ್ಲಿ ಸೋತಿದೆ. ನೀವು ನೋಡ್ಲಿ ಅಂತಲೇ ಹಾಕಿದ್ದು."

ಪ್ರಜ್ಞೇಶ್ ಭುಜ ಕುಣಿಸಿದ. "ಸಿಂಪಲ್. ಸಿಮೆಂಟ್ ಅಂಗಳದವರ ಹತ್ರ ಮಾತ್ರ ತಗೊಂಡ್ರಾಯ್ತು. ಎಸ್ಟೇಟಿನವರು ಸಾಕು ನಮಗೆ."

"ಉಳಿದವ್ರೂ ಸಿಮೆಂಟ್ ಹಾಕಿಸ್ಕೊಳ್ಲಿ," ಎಂದು ಜಯಪ್ರಕಾಶ್ ದನಿ ಸೇರಿಸಿದರು.

"ಸಿಮೆಂಟ್ ನೀವ್ ಕಳ್ಸಿ ಸಾರ್, ಮರಳು ನಾವ್ ಹೊಂದುಸ್ಕತೀವಿ," ಎಂದಳು ಕಮಲ, ಮುಚ್ಚಳ ಒರೆಸುತ್ತಲೇ.

ಹಂಸಿನಿ ಮೇಜಿನ ಮೇಲೆ ಸಹಿಗೆ ಕಾದಿದ್ದ ಒಪ್ಪಂದವನ್ನು ಪ್ರಜ್ಞೇಶನತ್ತ ತಳ್ಳಿದಳು. "ಅರ್ಧ ಊರನ್ನ ಗೇಟಿನ ಹೊರಗೆ ನಿಲ್ಲಿಸೋ ಪುಡೀನ ನಾನು ಕೊಡಲ್ಲ. ಎಲ್ಲರ ಹೊಟ್ಟಿಗೂ ಆಗುವ ಪುಡಿ ಮಾಡ್ತೇನೆ. ಆವಾಗ ಬನ್ನಿ. ಬರದಿದ್ರೂ ಮಾಡ್ತೇನೆ."

ಪ್ರಜ್ಞೇಶನ ಕಾರು ಇಳಿಜಾರಿನಲ್ಲಿ ಮರೆಯಾಯಿತು. ಜಯಪ್ರಕಾಶ್ ಬಾಗಿಲಲ್ಲೇ ನಿಂತಿದ್ದರು.

"ಲ್ಯಾಬ್ ಮುಚ್ಚಿಸ್ತಾರೆ, ಗೊತ್ತುಂಟಾ ನಿಮಗೆ? ಈ ವಯಸ್ಸಿನಲ್ಲಿ ಯಾರಿಗೆ ತೋರಿಸ್ಲಿಕ್ಕೆ ಈ ಹಟ?"

"ಯಾರಿಗೂ ಅಲ್ಲ. ಮುಚ್ಚುವ ಆರ್ಡರ್ ಬರೋವರೆಗೆ ಕರೆಂಟ್ ಇರ್ತದಲ್ಲ?"

ಅವರು ಒಳಗೆ ಬಂದು ರಿಯಾಕ್ಟರಿನ ಮೇಲೆ ಕೈ ಊರಲು ಹೋದರು.

"ಮುಟ್ಟಬೇಡಿ ಸಾರ್," ಎಂದಳು ಹಂಸಿನಿ, ಸತ್ತ ಪುಡಿಯನ್ನು ಚಮಚದಿಂದ ಕೆರೆದು ತೆಗೆಯುತ್ತ. "ಇನ್ನೂ ಬಿಸಿ ಇದೆ."