ತಾನೇ ಮಾಯವಾಗುವ ಕೀ

ಆನ್‌ಲೈನ್ ಕಲಿಕೆಯ ವೇದಿಕೆ ಬಂದ ಮೇಲೆ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ದಡ್ಡರೇ ಇಲ್ಲದಂತಾಯಿತು. ವಿಡಿಯೊ ತನ್ನ ಪಾಡಿಗೆ ಓಡುತ್ತಿತ್ತು, ವಿದ್ಯಾರ್ಥಿಗಳು ತಮ್ಮ ಪಾಡಿಗೆ ಗೊರಕೆ ಹೊಡೆಯುತ್ತಿದ್ದರು, ಅಂಕ ಮಾತ್ರ ಅವರ ಖಾತೆಗೆ ಬೀಳುತ್ತಲೇ ಇತ್ತು. ಮೇಷ್ಟರುಗಳೂ ಕಮ್ಮಿಯೇನಲ್ಲ, 'ಬೋಧಿಸುವುದು ಹೇಗೆ' ಎಂಬ ಕೋರ್ಸನ್ನು ಮನೆಯ ಮಕ್ಕಳ ಕೈಯಲ್ಲಿ ಕ್ಲಿಕ್ ಮಾಡಿಸಿ, ಬಂದ ಪ್ರಮಾಣಪತ್ರವನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿಕೊಂಡಿದ್ದರು.

ವರ್ಕ್‌ಶಾಪಿನ ಮೇಡಂಗೆ ಮಾತ್ರ ಇದನ್ನೆಲ್ಲ ಕಂಡರೆ ಮೈಯುರಿ. ಕಬ್ಬಿಣ ಕಡೆಯುವ ಅವರ ಲೇತ್‌ಗಳನ್ನು ಗುಜರಿಗೆ ಹಾಕಿ, ಅಲ್ಲಿ ವಿಡಿಯೊ ಸ್ಟುಡಿಯೊ ಮಾಡುವ ಹಂಚಿಕೆಯಲ್ಲಿದ್ದರು ಪ್ರಿನ್ಸಿಪಾಲರು. ತಪಾಸಣೆಗೆ ಬರುವ ಸಮಿತಿ ಹೂಂ ಅಂದರೆ ಮುಗಿಯಿತು.

ಸಮಿತಿ ಬಂತು. ಪರದೆಯ ಮೇಲಿನ ಲೇತ್‌ನಲ್ಲಿ ನೂರಕ್ಕೆ ನೂರು ತೆಗೆದಿದ್ದ ವಿದ್ಯಾರ್ಥಿಯನ್ನು ಪ್ರಿನ್ಸಿಪಾಲರು ಎದೆಯುಬ್ಬಿಸಿ ವರ್ಕ್‌ಶಾಪಿನ ಲೇತ್‌ನ ಮುಂದಕ್ಕೆ ತಳ್ಳಿದರು. ಅವನು ಮೇಡಂ ಅವರ ಸ್ವಂತ ಅಕ್ಕನ ಮಗ.

"ನಿಜವಾದ ಲೇತ್ ಮುಟ್ಟಿದೀಯೇನೋ?" ಮೇಡಂ ಪಿಸುಗುಟ್ಟಿದರು.

"ಅಯ್ಯೋ ಚಿಕ್ಕಮ್ಮ, ಎಲ್ಲಾ ಒಂದೇ. ಮೌಸ್ ಇಲ್ಲ ಅಷ್ಟೆ."

"ಮೇಡಂ ಅನ್ನು."

ಅವನು ಕಬ್ಬಿಣದ ಸರಳನ್ನು ಲೇತ್‌ನಲ್ಲಿ ಗರಗರ ಸುತ್ತುವ ಚಕ್ಕಿನ ಹಿಡಿತಕ್ಕೆ ಕೊಟ್ಟು, ಗೇಣುದ್ದದ ಉಕ್ಕಿನ ಕೀ ತಿರುಗಿಸಿ ಬಿಗಿಮಾಡಿದ. ಚೆನ್ನಾಗಿಯೇ ಮಾಡಿದ. ಆಮೇಲೆ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಸ್ಟಾರ್ಟ್ ಲಿವರಿಗೆ ಕೈ ಹಾಕಿದ. ಪರದೆಯ ಲೇತ್‌ನಲ್ಲಿ ಸ್ಟಾರ್ಟ್ ಒತ್ತಿದರೆ ಕೀ ತಾನೇ ಮಾಯವಾಗುತ್ತದೆ. ಇಲ್ಲಿ ಅದು ಚಕ್ಕಿನೊಡನೆ ಸುತ್ತಿ, ಯಾರ ಹಣೆ ಸಿಕ್ಕಿತೋ ಅಲ್ಲಿಗೆ ಹಾರುತ್ತದೆ.

ಸಮಿತಿಯ ಹಣೆಗಳೆಲ್ಲ ಹೇಳಿ ಮಾಡಿಸಿದಂತೆ ಸಾಲಾಗಿ ನಿಂತಿದ್ದವು. ಮೇಡಂ ಸುಮ್ಮನಿದ್ದರೆ ಸಾಕು, ಆನ್‌ಲೈನ್ ವಿದ್ಯೆಯ ಬಂಡವಾಳ ಬಯಲಾಗುತ್ತಿತ್ತು, ವರ್ಕ್‌ಶಾಪು ಉಳಿಯುತ್ತಿತ್ತು. ಆ ಯೋಚನೆ ಅವರಿಗೆ ಬಾರದೆ ಇರಲಿಲ್ಲ. ಆದರೆ ಆ ಹಣೆಗಳಿಗಿಂತ ಹತ್ತಿರದಲ್ಲಿದ್ದದ್ದು ಅಕ್ಕನ ಮಗನ ಮುಖ. ಅವರು ಹಾರಿ ಮೇನ್ ಸ್ವಿಚ್ ಆರಿಸಿದರು. ಲಿವರ್ ಖಟ್ ಅಂದಿತು, ಚಕ್ ಅಲುಗಲಿಲ್ಲ.

"ಏನ್ರೀ ಇದು, ಸ್ಟಾರ್ಟೇ ಆಗಲ್ಲ?" ಸಮಿತಿಯ ಹಿರಿಯರು ಮುಖ ಸಿಂಡರಿಸಿದರು.

"ಕೀ ಚಕ್ಕಲ್ಲೇ ಇತ್ತು ಸಾರ್. ಸ್ಟಾರ್ಟ್ ಆಗಿದ್ರೆ ನಿಮ್ಮಲ್ಲೊಬ್ರು ಈಗ ಆಸ್ಪತ್ರೇಲಿರ್ತಿದ್ರು," ಎಂದರು ಮೇಡಂ.

"ನೋಡಿದ್ರಾ ಸಾರ್?" ಪ್ರಿನ್ಸಿಪಾಲರು ಕುಣಿಯುವುದೊಂದು ಬಾಕಿ. "ಎಷ್ಟು ಅಪಾಯ! ನಮ್ಮ ಆನ್‌ಲೈನ್ ಲೇತಲ್ಲಿ ಇವತ್ತಿನವರೆಗೂ ಯಾರಿಗೂ ಒಂದು ಗೀರು ಬಿದ್ದಿಲ್ಲ."

ಮೇಡಂ ಆಗಷ್ಟೇ ಉಳಿಸಿಕೊಟ್ಟಿದ್ದ ತಲೆಗಳನ್ನು ಸಮಿತಿಯವರು ಒಟ್ಟಿಗೆ ತೂಗಿದರು. ತೂಗುತ್ತಲೇ ಊಟಕ್ಕೆ ನಡೆದರು.

"ನಾಳೆ ಗುಜರಿಯವ್ರು ಬರ್ತಾರೆ ಮೇಡಂ," ಎಂದು ಪ್ರಿನ್ಸಿಪಾಲರೂ ಸಮಿತಿಯ ಬೆನ್ನು ಹಿಡಿದರು.

ಅಕ್ಕನ ಮಗ ಬೆವರುತ್ತಾ ಅಲ್ಲೇ ನಿಂತಿದ್ದ. "ಚಿಕ್ಕಮ್ಮ... ನನ್ನ ನೂರು ಹೋಗುತ್ತಾ?"

"ಇಲ್ಲ ಕಣೋ ಮಹಾರಾಯ, ಅದನ್ನ ಯಾರೂ ಮುಟ್ಟಲ್ಲ." ಮೇಡಂ ಲಿವರನ್ನು ಹಿಂದಕ್ಕೆಳೆದು, ಕೀ ಕಿತ್ತು ಪಕ್ಕಕ್ಕಿಟ್ಟು, ಮೇನ್ ಸ್ವಿಚ್ ಹಾಕಿದರು. "ಗುಜರಿಯವ್ರು ಬರೋದು ನಾಳೆ ತಾನೆ? ಅಂಗಿ ತೋಳು ಮಡಚು. ಮೊದಲಿಂದ ಮಾಡು."